ಬೇಲಿ ಮತ್ತು ಬೆಳೆ

ಕೋಳಿಮೊಟ್ಟೆಯನ್ನು ಬೇಯಿಸುವಾಗ ಅದರೊಳಗಿನ ತಿಳಿಯಾದ ಲೋಳೆಯು ಬೆಳ್ಳಗಾಗಿ ಗಟ್ಟಿಯಾಗುವುದನ್ನು ತಾವೆಲ್ಲರೂ ಕಂಡಿದ್ದೀರಿ. ಆ ಲೋಳೆಯಲ್ಲಿರುವುದು ಬಹುಮಟ್ಟಿಗೆ ನೀರು ಮತ್ತು ಪ್ರೋಟೀನು. ಒಂದೊಂದು ಪ್ರೋಟೀನಿಗೂ ಅದರದೇ ಆದ ಮಡಿಕೆಯುಂಟು. ಆ ಮಡಿಕೆ ಸರಿಯಿದ್ದರೆ ಮಾತ್ರ ಅದರಿಂದ ಕೆಲಸ ನಡೆಯುತ್ತದೆ. ಶಾಖ ತಗುಲಿದಾಗ ಮಡಿಕೆ ಬಿಚ್ಚಿ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ. ತಣ್ಣಗಾದ ಮಾತ್ರಕ್ಕೆ ಬೆಂದ ಮೊಟ್ಟೆ ಮರಳಿ ಹಸಿಯಾಗದು. ನಮ್ಮ ಜೀವಕೋಶಗಳೂ ಇಂತಹ ಸಾವಿರಾರು ಪ್ರೋಟೀನುಗಳಿಂದಲೇ ನಡೆಯುತ್ತಿವೆ. ಜ್ವರದ ಶಾಖ ಒಲೆಯ ಶಾಖವಲ್ಲ, ನಿಜ. ಆದರೆ ಸೂಕ್ಷ್ಮವಾದ ಕೆಲವು ಮಡಿಕೆಗಳನ್ನು ಕದಲಿಸಲು ಮೂರು ನಾಲ್ಕು ಡಿಗ್ರಿಯೇ ಸಾಕು. ಹಾಗಿದ್ದೂ ಜ್ವರ ಬಿಟ್ಟ ಮೇಲೆ ನಾವು ಎದ್ದು ಕುಳಿತು ಗಂಜಿ ಕೇಳುತ್ತೇವಲ್ಲ, ಅದು ಹೇಗೆ?

ಇದಕ್ಕೆ ಉತ್ತರದ ಎಳೆ ಮೊದಲು ದೊರೆತದ್ದು ಇಟಲಿಯ ನೇಪಲ್ಸ್ ನಗರದಲ್ಲಿ, ಅದೂ ಆಕಸ್ಮಿಕವಾಗಿ. ಫೆರುಚಿಯೊ ರಿಟೋಸ್ಸಾ ಎಂಬ ತರುಣ ವಿಜ್ಞಾನಿ ಹಣ್ಣಿನ ನೊಣದ ಮರಿಹುಳುಗಳ ವರ್ಣತಂತುಗಳನ್ನು ಪರೀಕ್ಷಿಸುತ್ತಿದ್ದರು. ಯಾರೋ ಸಹೋದ್ಯೋಗಿಯೊಬ್ಬರು ಶಾಖಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರಂತೆ. ಮರಳಿ ಬಂದು ನೋಡಿದಾಗ ವರ್ಣತಂತುಗಳ ಮೇಲೆ ಹಿಂದೆ ಕಾಣದ ಸ್ಥಳಗಳಲ್ಲಿ ಉಬ್ಬುಗಳೆದ್ದಿದ್ದವು. ಬಿಸಿ ತಗುಲಿದೊಡನೆ ಕೆಲವು ಜೀನುಗಳು ಎಚ್ಚೆತ್ತು ಕೆಲಸಕ್ಕೆ ತೊಡಗಿದ್ದವು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಹೆಸರಾಂತ ಪತ್ರಿಕೆಯೊಂದು ಆ ಲೇಖನವನ್ನು ಹಿಂತಿರುಗಿಸಿತ್ತು. ಆ ಜೀನುಗಳಿಂದ ಹುಟ್ಟುವ ಪ್ರೋಟೀನುಗಳನ್ನು ಗುರುತಿಸಿದ್ದು 1974ರಲ್ಲಿ. ಶಾಖಾಘಾತ ಪ್ರೋಟೀನುಗಳು ಎಂಬ ಹೆಸರು ಬಂದದ್ದು ಹೀಗೆ. ಹೆಸರಿನಲ್ಲಿ ಶಾಖವಿದ್ದರೂ ಇವು ಆಮ್ಲಜನಕದ ಕೊರತೆ, ವಿಷ, ಹಸಿವು ಮುಂತಾದ ಎಲ್ಲ ಆಪತ್ತುಗಳಲ್ಲಿಯೂ ಧಾವಿಸಿ ಬರುತ್ತವೆ. ಬಿಚ್ಚಿದ ಮಡಿಕೆಯನ್ನು ಹಿಡಿದು ಮರಳಿ ಮಡಿಸಿಕೊಡುವುದು, ಸರಿಪಡಿಸಲಾಗದುದನ್ನು ಕಸಕ್ಕೆ ಸಾಗಿಸಲು ನೆರವಾಗುವುದು ಇವುಗಳ ಕಾಯಕ. ಎಚ್‌ಎಸ್‌ಪಿ 90, ಎಚ್‌ಎಸ್‌ಪಿ 70, ಎಚ್‌ಎಸ್‌ಪಿ 27 ಎಂದು ತೂಕದ ಮೇಲೆ ಇವನ್ನು ಹೆಸರಿಸುತ್ತಾರೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ ನನಗೆ ಈ ವಿಷಯ ಹೊಸದು. ಇದನ್ನು ಓದುವಂತೆ ಮಾಡಿದ್ದು ಒಂದು ಮನೆಯ ಭೇಟಿ. ಆ ಮನೆಯ ಯಜಮಾನರಿಗೆ ಶ್ವಾಸಕೋಶದ ಕ್ಯಾನ್ಸರ್. ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದವರು. ಆದರೂ ನೋಡಲು ಬಂದ ನಂಟರಲ್ಲಿ ಕೆಲವರು, 'ಗುಟ್ಟಾಗಿ ಸೇದುತ್ತಿದ್ದಿರಬೇಕು' ಎಂದು ಅಂಗಳದಲ್ಲಿಯೇ ಪಿಸುಗುಟ್ಟಿ ಹೋಗಿದ್ದರು. ವಿಜ್ಞಾನದ ವಿದ್ಯಾರ್ಥಿನಿಯಾದ ಮಗಳು ನನ್ನನ್ನು ಕೇಳಿದಳು: "ಫಾದರ್, ನಮ್ಮನ್ನು ಕಾಪಾಡಲು ಇರುವ ಪ್ರೋಟೀನೇ ಅಪ್ಪನ ಗೆಡ್ಡೆಯನ್ನೂ ಕಾಪಾಡುತ್ತಿದೆಯಂತೆ. ಇದೆಂಥ ನ್ಯಾಯ?"

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಥಟ್ಟನೆ ನೆನಪಾಗುವ ಸಂದರ್ಭವಿದು. ಓದುತ್ತಾ ಹೋದಂತೆ ಆ ಗಾದೆ ಇಲ್ಲಿಗೆ ಹೊಂದದೆಂದು ತೋರಿತು. ಬೇಲಿ ಮೇಯುತ್ತಿಲ್ಲ. ಒಳಗಿರುವುದು ಪೈರೋ ಕಳೆಯೋ ಎಂದು ಕೇಳದೆ ಅದು ಕಾಯುತ್ತಿದೆ, ಅಷ್ಟೆ. ಅದಕ್ಕೆ ಕೇಳುವ ಕಣ್ಣೂ ಇಲ್ಲ, ಕಿವಿಯೂ ಇಲ್ಲ.

ಕ್ಯಾನ್ಸರ್ ಕೋಶದ ಬದುಕನ್ನು ಸ್ವಲ್ಪ ಊಹಿಸಿಕೊಳ್ಳಿ. ಅದು ತನ್ನ ರಕ್ತನಾಳಗಳ ಶಕ್ತಿಯನ್ನು ಮೀರಿ ಬೆಳೆಯುತ್ತದೆ. ಆದ್ದರಿಂದ ಆಮ್ಲಜನಕವೂ ಆಹಾರವೂ ಸಾಲದು. ಅದರ ಜೀನುಗಳಲ್ಲಿ ದೋಷಗಳು ತುಂಬಿರುವುದರಿಂದ ವಕ್ರವಾದ ಪ್ರೋಟೀನುಗಳು ರಾಶಿಬೀಳುತ್ತವೆ. ಎಂದರೆ ಅದು ಬಿಡದ ಜ್ವರದಲ್ಲಿರುವ ಕೋಶ. ತುರ್ತಿನ ಸೇವಕರನ್ನು ಹಗಲಿರುಳೂ ಕರೆಯುತ್ತಲೇ ಇರುತ್ತದೆ. ಶ್ವಾಸಕೋಶದ ಕ್ಯಾನ್ಸರನ್ನು ಬೆಳೆಸುವ ಇಜಿಎಫ್‌ಆರ್, ಎಎಲ್‌ಕೆ ಎಂಬ ಪ್ರೋಟೀನುಗಳ ವಿಕೃತ ರೂಪಗಳು ತಮ್ಮಷ್ಟಕ್ಕೆ ನಿಲ್ಲಲಾರವು. ಎಚ್‌ಎಸ್‌ಪಿ 90 ಅವುಗಳಿಗೆ ಹೆಗಲುಕೊಡುತ್ತದೆ. ಹಾಳಾದ ಕೋಶವು ತಾನಾಗಿ ಸಾಯುವ ಒಂದು ವ್ಯವಸ್ಥೆ ನಮ್ಮೊಳಗಿದೆ. ಎಚ್‌ಎಸ್‌ಪಿ 70 ಮತ್ತು 27 ಆ ಸಾವಿಗೂ ಅಡ್ಡ ನಿಲ್ಲುತ್ತವೆ. ಕೀಮೋಥೆರಪಿಯ ಪೆಟ್ಟನ್ನು ಗೆಡ್ಡೆ ಸಹಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. 2007ರಲ್ಲಿ ಅಮೆರಿಕದ ಸೂಸನ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು, ಈ ಸೇವಕರನ್ನು ಕರೆಯುವ ಎಚ್‌ಎಸ್‌ಎಫ್ 1 ಎಂಬ ಒಡೆಯನೇ ಇಲ್ಲದ ಇಲಿಗಳಲ್ಲಿ ಕ್ಯಾನ್ಸರ್ ಸುಲಭವಾಗಿ ಹುಟ್ಟದೆಂದು ತೋರಿಸಿದರು. ಗಮನಿಸಿ, ಸೇವಕರು ಕ್ಯಾನ್ಸರನ್ನು ಹುಟ್ಟಿಸುವುದಿಲ್ಲ; ಹುಟ್ಟಿದ್ದನ್ನು ಸಾಕುತ್ತಾರೆ.

ಹಾಗಾದರೆ ಆ ಸೇವಕರನ್ನೇ ತಡೆದರೆ? ಈ ಆಲೋಚನೆ ವಿಜ್ಞಾನಿಗಳಿಗೂ ಬಂದಿತು. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಜೆಲ್ಡಾನಮೈಸಿನ್ ಎಂಬ ವಸ್ತುವು ಎಚ್‌ಎಸ್‌ಪಿ 90ನ್ನು ಹಿಡಿದು ನಿಲ್ಲಿಸುವುದೆಂದು 1994ರಲ್ಲಿ ತಿಳಿಯಿತು. ಆದರೆ ಅದು ಯಕೃತ್ತಿಗೆ ವಿಷ. ಅನಂತರ ಬಂದ ಗ್ಯಾನೆಟೆಸ್ಪಿಬ್ ಎಂಬ ಔಷಧಿಯನ್ನು ಮುಂದುವರಿದ ಶ್ವಾಸಕೋಶ ಕ್ಯಾನ್ಸರಿನ 600ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಅರ್ಧದಷ್ಟು ಮಂದಿಗೆ ರೂಢಿಯ ಔಷಧಿ ಮಾತ್ರ, ಉಳಿದವರಿಗೆ ಅದರೊಂದಿಗೆ ಇದೂ. ಆಯುಷ್ಯ ಹೆಚ್ಚಲಿಲ್ಲ, 2015ರಲ್ಲಿ ಪರೀಕ್ಷೆಯನ್ನು ನಿಲ್ಲಿಸಿದರು. ಇದಕ್ಕಿರಬಹುದಾದ ಒಂದು ಕಾರಣ ಸ್ವಾರಸ್ಯವಾದದ್ದು. ಎಚ್‌ಎಸ್‌ಪಿ 90 ಸಾಮಾನ್ಯವಾಗಿ ಎಚ್‌ಎಸ್‌ಎಫ್ 1ನ್ನು ತಡೆಹಿಡಿದಿರುತ್ತದೆ. 90ನ್ನು ಕಟ್ಟಿಹಾಕಿದರೆ ಒಡೆಯನಿಗೆ ಬಿಡುಗಡೆ. ಅವನು 70 ಮತ್ತು 27ರ ದಂಡನ್ನೇ ಕರೆತರುತ್ತಾನೆ. ಒಂದು ಬಾಗಿಲು ಮುಚ್ಚಿದರೆ ಎರಡು ತೆರೆದಂತೆ. 2022ರಲ್ಲಿ ಜಪಾನ್ ದೇಶವು ಪಿಮಿಟೆಸ್ಪಿಬ್ ಎಂಬ ಇದೇ ಬಗೆಯ ಔಷಧಿಗೆ ಒಪ್ಪಿಗೆ ನೀಡಿತಾದರೂ ಅದು ಜೀರ್ಣಾಂಗದ ಒಂದು ಅಪರೂಪದ ಗೆಡ್ಡೆಗೆ, ಶ್ವಾಸಕೋಶಕ್ಕಲ್ಲ.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆ ಮನೆಯವರಿಗೆ ಯಾರೋ ಮಧ್ಯವರ್ತಿಯೊಬ್ಬ, ಈ ಪ್ರೋಟೀನುಗಳನ್ನು ನಾಶಮಾಡುವ ವಿದೇಶೀ ಮದ್ದು ತರಿಸಿಕೊಡುವುದಾಗಿ ಹೇಳಿ, ಅಡಿಕೆ ತೋಟವನ್ನು ಅಡವಿಡುವ ಮಾತಿನವರೆಗೂ ಕರೆದೊಯ್ದಿದ್ದ. ಜಗತ್ತಿನಲ್ಲಿ 2022ರ ಒಂದೇ ವರ್ಷ ಸುಮಾರು 25 ಲಕ್ಷ ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ತಗುಲಿ, 18 ಲಕ್ಷ ಜನ ಸತ್ತರು. ಇಷ್ಟು ದುಃಖವಿರುವಲ್ಲಿ ವ್ಯಾಪಾರಿಗಳಿಗೆ ಬರವೇ?

ತೋಟ ಉಳಿಯಿತು. ಆಸ್ಪತ್ರೆಯಲ್ಲಿ ಗೆಡ್ಡೆಯ ಚೂರನ್ನು ಜೀನು ಪರೀಕ್ಷೆಗೆ ಕಳುಹಿಸಿ ಎಂದು ಮಗಳೇ ವೈದ್ಯರನ್ನು ಕೇಳಿದಳು. ಧೂಮಪಾನ ಮಾಡದವರ ಗೆಡ್ಡೆಗಳಲ್ಲಿ ಇಜಿಎಫ್‌ಆರ್ ದೋಷ ಹೆಚ್ಚಾಗಿ ಕಾಣುತ್ತದೆ. ಹಾಗೆ ಕಂಡರೆ ನೇರವಾಗಿ ಅದಕ್ಕೇ ತಾಗುವ ಗುಳಿಗೆಗಳು ನಮ್ಮ ದೇಶದಲ್ಲಿಯೇ ಸಿಗುತ್ತವೆ. ಅವರಲ್ಲಿ ಆ ದೋಷವೇ ಇತ್ತು. ಗುಳಿಗೆಯಿಂದ ರೋಗ ಬೇರುಸಹಿತ ಹೋಗುವುದಿಲ್ಲವೆಂದು ವೈದ್ಯರು ಮೊದಲೇ ತಿಳಿಸಿದ್ದರು. ಕೆಮ್ಮು ಇಳಿಯಿತು, ಉಸಿರು ಹಗುರವಾಯಿತು. ಒಂದೂವರೆ ವರ್ಷ ಅವರು ತೋಟದಲ್ಲಿ ನಡೆದಾಡಿದರು, ಒಂದು ಕೊಯ್ಲನ್ನು ನಿಂತು ಮಾಡಿಸಿದರು, ಮಗಳ ಪದವಿ ಪ್ರದಾನಕ್ಕೆ ಹೋಗಿಬಂದರು.