ಓಲೆಗರಿಯಲ್ಲಿ ಇಲ್ಲದ ರಾಗ

ಅಪ್ಪ ಬಸವಣ್ಣನವರ ಎರಡು ವಚನಗಳನ್ನು ಜೊತೆಯಾಗಿಟ್ಟು ನೋಡಿದರೆ ಸಂಗೀತಾಭ್ಯಾಸಿಗಳಿಗೆ ಸೋಜಿಗವೆನಿಸುತ್ತದೆ. ಒಂದರಲ್ಲಿ ಅವರು ತಮ್ಮ ದೇಹವನ್ನೇ ವೀಣೆಯಾಗಿಸಿ ನುಡಿಸಬೇಕೆಂದು ಕೂಡಲಸಂಗಮದೇವನನ್ನು ಬೇಡುತ್ತಾರೆ. ವಾದ್ಯದ ಅಂಗಗಳನ್ನು ಒಂದೊಂದಾಗಿ ಹೆಸರಿಸಿ, ಮೂವತ್ತೆರಡು ರಾಗಗಳನ್ನೂ ನೆನೆಯುತ್ತಾರೆ. ಇನ್ನೊಂದರಲ್ಲಿ ತಾಳ-ಮಾನಗಳ ಲೆಕ್ಕ ತಮಗೆ ತಿಳಿಯದು, ಪ್ರೀತಿ ನಡೆಸಿದಂತೆ ಹಾಡುವುದಷ್ಟೇ ಗೊತ್ತು ಎನ್ನುತ್ತಾರೆ. ಮೊದಲನೆಯದು ಆ ಕಾಲದ ಸಂಗೀತಜ್ಞಾನಕ್ಕೆ ಸಾಕ್ಷಿ. ಎರಡನೆಯದು ಭಕ್ತಿಗೆ ಸಾಕ್ಷಿ. ಆದರೆ ವಚನವನ್ನು ಯಾವ ರಾಗದಲ್ಲಿ ಹಾಡುತ್ತಿದ್ದರೆಂಬುದನ್ನು ಎರಡೂ ಹೇಳುವುದಿಲ್ಲ.

ಗಾಯಕರೊಬ್ಬರು ಈ ಮೌನವನ್ನು ಬಹುಕಾಲ ಗಮನಿಸಿರಲಿಲ್ಲ. ಗುರುಗಳು ಕಲಿಸಿದ ವಚನವೊಂದನ್ನು ಅವರು ಭೈರವಿಯಲ್ಲಿ ಇಪ್ಪತ್ತು ವರ್ಷ ಹಾಡಿದ್ದರು. ಇದು ಅನುಭವ ಮಂಟಪದಿಂದಲೇ ಹರಿದುಬಂದ ಧಾಟಿಯೆಂದು ಸಭೆಗಳಲ್ಲಿ ಹೇಳುತ್ತಲೂ ಇದ್ದರು. ಒಮ್ಮೆ ಜಿಜ್ಞಾಸುವೊಬ್ಬರು "ಇದಕ್ಕೆ ಆಧಾರವೇನು?" ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಅವರ ಹುಡುಕಾಟ ಆರಂಭವಾಯಿತು.

ವಚನಗಳ ಮೂಲವನ್ನು ಅರಸುವವರೆಲ್ಲರೂ ಮೊದಲು ಫ.ಗು. ಹಳಕಟ್ಟಿಯವರಿಗೆ (1880–1964) ತಲೆಬಾಗಬೇಕು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಯ, ಮಠಮಠದ ತಾಡೋಲೆಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಆದರೆ ಅಚ್ಚಾದ ಪುಟವು ಸಂಪಾದಕರ ಓದನ್ನು ತೋರಿಸುತ್ತದೆ. ಲಿಪಿಕಾರನ ಕೈಯನ್ನು ಕಾಣಲು ಓಲೆಯ ಬಳಿಗೇ ಹೋಗಬೇಕು.

ಗಾಯಕರು ಹೋದರು. ಕಟ್ಟು ಬಿಚ್ಚಿ ನೋಡಿದರೆ ವಚನದ ನೆತ್ತಿಯ ಮೇಲೆ ರಾಗವೂ ಇಲ್ಲ, ತಾಳವೂ ಇಲ್ಲ. ಪಲ್ಲವಿ, ನುಡಿಗಳುಳ್ಳ ಸ್ವರವಚನಗಳಲ್ಲಿ ಮಾತ್ರ ರಾಗದ ಹೆಸರು ಕಂಡಿತು. ಅಲ್ಲಿಯೂ ಎಚ್ಚರ ಬೇಕಾಯಿತು. ಶರಣರು ಹನ್ನೆರಡನೆಯ ಶತಮಾನದವರು. ವಚನಗಳ ಸಂಕಲನಕಾರ್ಯ ವಿಶೇಷವಾಗಿ ನಡೆದದ್ದು ಹದಿನೈದನೆಯ ಶತಮಾನದಲ್ಲಿ. ಕೈಯಲ್ಲಿರುವ ಓಲೆ ಅದಕ್ಕೂ ಈಚಿನ ಪ್ರತಿಯಾಗಿರಬಹುದು. ರಾಗದ ಹೆಸರು ಶರಣರದೋ, ಪ್ರತಿ ಮಾಡಿದವನ ಕಾಲದ ಹಾಡಿಕೆಯದೋ? ಕೊನೆಯಲ್ಲಿ ಬರೆದ ಸಂವತ್ಸರದ ಹೆಸರೊಂದರಿಂದಲೇ ಕಾಲ ನಿರ್ಣಯವಾಗದು. ಅದೇ ಹೆಸರು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಶಕವರ್ಷವೂ ಇದ್ದರೆ ನಿರ್ಣಯ ಸುಲಭ.

ಬಳಿಕ ಅವರು ಹಳೆಯ ಗ್ರಾಮಫೋನ್ ತಟ್ಟೆಗಳತ್ತ ತಿರುಗಿದರು. ಅವು ಹಾಡುಗಾರನ ಕಂಠವನ್ನೇ ಹಿಡಿದಿಟ್ಟ ಸಾಕ್ಷಿಗಳು, ಆದರೂ ಮಿತಿಯುಳ್ಳವು. 78 ಸುತ್ತಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷಗಳ ಅವಕಾಶ. ಹಾಡು ಚಿಕ್ಕದಾಗಿದ್ದರೆ ಅದು ಸಂಪ್ರದಾಯವೋ ತಟ್ಟೆಯ ಇಕ್ಕಟ್ಟೋ ಎಂದು ಕೇಳಬೇಕು. ತಿರುಗುವ ವೇಗ ತಪ್ಪಿದರೆ ಶ್ರುತಿಯೂ ಏರಿಳಿಯುತ್ತದೆ.

ಕೊನೆಗೆ ಉಳಿದದ್ದು ಗುರುಗಳ ಹಳೆಯ ನೋಟುಪುಸ್ತಕ. ಅದರಲ್ಲಿ ಆ ವಚನದ ಸ್ವರಗಳು ಗುರುಗಳ ಕೈಬರಹದಲ್ಲಿಯೇ ಇದ್ದವು. ಎರಡು ಕಡೆ ಹೊಡೆದುಹಾಕಿ ತಿದ್ದಲಾಗಿತ್ತು. ಪಕ್ಕದಲ್ಲಿ ಬೇರೆ ರಾಗವೊಂದನ್ನು ಬರೆದು ಬಿಟ್ಟ ಗುರುತೂ ಇತ್ತು. ಕೇಳಿ ಬರೆದುಕೊಂಡವರ ಬರಹ ಹೀಗಿರುವುದಿಲ್ಲ. ಇದು ಹುಡುಕಿ ಹುಡುಕಿ ಸಂಯೋಜಿಸಿದವರ ಬರಹ. ಗಾಯಕರ ಕಣ್ಣು ತುಂಬಿತು. ತಾವು ಇಷ್ಟು ವರ್ಷ ಶರಣರ ಮೇಲಿನ ಗೌರವದಿಂದ ಆಡಿದ ಮಾತು ಗುರುಗಳ ದುಡಿಮೆಯನ್ನು ಮರೆಮಾಡಿತ್ತೆಂಬ ಅರಿವು ಅವರಿಗೆ ಆಗ ಮೂಡಿತು.

ಶರಣರು ಕಾಯಕಕ್ಕೆ ಹೆಸರು ಕೊಟ್ಟವರು. ಒಬ್ಬರ ಕಾಯಕವನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು, ಅದು ಬಸವಣ್ಣನವರ ಹೆಸರೇ ಆಗಿರಲಿ, ಶರಣಮಾರ್ಗವಲ್ಲ. ನುಡಿ-ನಡೆ ಒಂದಾಗಬೇಕೆಂಬ ತತ್ತ್ವ ಸಂಶೋಧಕನಿಗೂ ಸಲ್ಲುತ್ತದೆ: ಕಂಡದ್ದನ್ನು ಕಂಡಷ್ಟೇ ಹೇಳಬೇಕು.

ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಅವರು ಅದೇ ವಚನವನ್ನು ಅದೇ ಭೈರವಿಯಲ್ಲಿ ಹಾಡಿದರು. ಹಾಡುವ ಮುನ್ನ ಮಾತ್ರ "ನುಡಿ ಅಪ್ಪ ಬಸವಣ್ಣನವರದು, ರಾಗ ನಮ್ಮ ಗುರುಗಳದು" ಎಂದು ಕೈಮುಗಿದರು.