ಲೈಕ್ ಒತ್ತದವರ ಊರಿನಲ್ಲಿ

ಬೆಳಗಿನ ಆರೂಕಾಲು. ತಿಪಟೂರು ತಾಲ್ಲೂಕಿನ ಕೋನೇಹಳ್ಳಿ ಕಡೆಯ ಒಂದು ತೋಟದಲ್ಲಿ ನೀವು ನಿಂತಿದ್ದೀರಿ. ಕೈಯಲ್ಲಿ ಮೊಬೈಲು, ಅಂಗಿಯ ಕಾಲರಿಗೆ ಸಿಕ್ಕಿಸಿದ ಪುಟ್ಟ ಮೈಕು, ಚಪ್ಪಲಿಗೆ ಮೆತ್ತಿದ ಕೆಮ್ಮಣ್ಣು. ತೆಂಗಿನ ತೋಟ ನೋಡಿಕೊಳ್ಳುವುದನ್ನು ಕಲಿಸುವುದು ನಿಮ್ಮ ಕಸುಬು. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟಕ್ಕೆ ಮರಳಿದವರು, ನಿವೃತ್ತರಾಗಿ ಊರಿಗೆ ಬಂದ ಮೇಷ್ಟ್ರುಗಳು, ಗಂಡ ತೀರಿಕೊಂಡ ಮೇಲೆ ಮೂರೆಕರೆ ತೋಟ ಹೆಗಲಿಗೆ ಬಿದ್ದ ಹೆಂಗಸರು ನಿಮಗೆ ಫೀಸು ಕೊಟ್ಟು ಕಲಿಯುತ್ತಾರೆ. ಇಂಥವರೊಬ್ಬರು ಇದ್ದಾರೆ ಅಂತ ಅವರಿಗೆ ಗೊತ್ತಾಗಬೇಕಲ್ಲ? ಅದಕ್ಕೇ ದಿನಾ ಬೆಳಗ್ಗೆ ಏಳು ಗಂಟೆಗೆ ಒಂದು ನಿಮಿಷದ ವಿಡಿಯೊ ಹಾಕುತ್ತೇನೆಂದು ನಿಮಗೆ ನೀವೇ ಮಾತು ಕೊಟ್ಟುಕೊಂಡಿದ್ದೀರಿ.

ಮೊದಮೊದಲು ಮಾತು ತಾನಾಗಿ ಬರುತ್ತಿತ್ತು. ಗೊಬ್ಬರದ ಲೆಕ್ಕ ಹೇಳಿದಿರಿ: ಫಲ ಕೊಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್, ಅದೂ ಎರಡು ಕಂತಿನಲ್ಲಿ. ಪಾತಿ ಹೇಗೆ ಮಾಡಬೇಕು, ಸಿಪ್ಪೆ ಹೂತರೆ ತೇವ ಹೇಗೆ ನಿಲ್ಲುತ್ತದೆ, ಸೋಗೆ ಸುಡುವ ಬದಲು ಮುಚ್ಚಿಗೆ ಹಾಕಿದರೆ ಏನು ಲಾಭ, ಎಲ್ಲ ಮುಗಿಯಿತು. ಈಗ ಮೊಬೈಲಿನ ಕಣ್ಣು ನಿಮ್ಮನ್ನೇ ನೋಡುತ್ತಿದೆ. ಹೇಳುವುದಕ್ಕೆ ಏನೂ ಇಲ್ಲ. ನಿನ್ನೆಯ ವಿಡಿಯೊ ನೋಡಿದವರು ಬೆರಳೆಣಿಕೆಯ ಜನ, ಅದರಲ್ಲಿ ಒಬ್ಬ ನಿಮ್ಮ ಭಾಮೈದ.

ಆಚೆ ಸಾಲಿನಲ್ಲಿ ನೀರು ಕಟ್ಟುತ್ತಿದ್ದ ಹುಡುಗ ಗುದ್ದಲಿ ಹೆಗಲಿಗೇರಿಸಿಕೊಂಡು ಬರುತ್ತಾನೆ. ಬಗ್ಗಿ ನೆಲದಿಂದ ಒಂದು ಹಿಡಿ ಎತ್ತಿ ತೋರಿಸುತ್ತಾನೆ.

‘ಸಾರ್, ಈ ಹರಳೆಲ್ಲ ಯಾಕಿಂಗೆ ಉದುರ್ತವೆ?’

ನೀವು ಕ್ಯಾಮೆರಾವನ್ನು ನಿಮ್ಮ ಮುಖದಿಂದ ಅವನ ಅಂಗೈಗೆ ತಿರುಗಿಸುತ್ತೀರಿ. ಗೋಲಿಯಷ್ಟಿರುವ ಹಸಿರು ಹರಳುಗಳು. ಹೊಂಬಾಳೆಯಲ್ಲಿ ಕಟ್ಟಿದ ಎಲ್ಲ ಹರಳೂ ಕಾಯಾಗುವುದಿಲ್ಲ, ಬಹಳಷ್ಟನ್ನು ಮರ ತಾನೇ ಉದುರಿಸುತ್ತದೆ. ಅದಕ್ಕಿಂತ ಹೆಚ್ಚು ಉದುರಿದರೆ ನೀರಿನ ಕೊರತೆಯೋ, ಪೊಟ್ಯಾಷ್, ಬೋರಾನ್ ಸಾಲದೆಯೋ, ನುಸಿಯೋ ಎಂದು ಒಂದೊಂದಾಗಿ ನೋಡಬೇಕು. ಇಷ್ಟು ಹೇಳುವಷ್ಟರಲ್ಲಿ ನಿಮಿಷ ಮುಗಿದಿರುತ್ತದೆ. ಹುಡುಗ ಬಿಡುವುದಿಲ್ಲ. ‘ಇವತ್ತಿಂದ ಚೆನ್ನಾಗಿ ನೀರು ಕೊಟ್ರೆ ಈ ಸಲ ಫಸಲು ಜಾಸ್ತಿ ಆಯ್ತದಾ?’

ಆಗುವುದಿಲ್ಲ, ಅಷ್ಟು ಬೇಗ ಆಗುವುದಿಲ್ಲ. ತೆಂಗಿನ ಸುಳಿಯೊಳಗೆ ಹೊಂಬಾಳೆಯ ಮೊಗ್ಗು ಮೊದಲು ಮೂಡುವ ಹೊತ್ತಿನಿಂದ ಆ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕು. ಮೂರು ವರ್ಷದ ಹಿಂದಿನ ಬರ ಇವತ್ತಿನ ಗೊನೆಯಲ್ಲಿ ಕಾಣುತ್ತದೆ. ಇವತ್ತಿನ ನೀರು ಮುಂದೆಂದೋ ಕಾಣುತ್ತದೆ. ಹಾಗಂತ ಮರ ಸುಮ್ಮನಿರುವುದಿಲ್ಲ. ತಿಂಗಳಿಗೊಂದು ಗರಿ, ಗರಿಯ ಬುಡಕ್ಕೊಂದು ಹೊಂಬಾಳೆ. ತಲೆಯೆತ್ತಿ ನೋಡಿದರೆ ಒಂದೇ ಮರದಲ್ಲಿ ಹರಳು, ಎಳನೀರು, ಬಲಿತ ಕಾಯಿ ಎಲ್ಲವೂ ಏಕಕಾಲಕ್ಕೆ ಇರುತ್ತವೆ. ಹುಡುಗನಿಗೆ ಹೇಳುತ್ತಿದ್ದ ಮಾತು ನಿಮಗೇ ನಾಟುತ್ತದೆ. ಬೆಳಗಿನ ವಿಡಿಯೊ ಹಾಕಿ ಸಂಜೆ ತರಬೇತಿಗೆ ಎಷ್ಟು ಜನ ಸೇರಿದರು ಎಂದು ಎಣಿಸುವುದು, ಬೆಳಗ್ಗೆ ನೀರು ಬಿಟ್ಟು ಸಂಜೆ ಕಾಯಿ ಎಣಿಸಿದಂತೆ.

ತೋಟದೊಳಗೆ ನೆಟ್‌ವರ್ಕ್ ಸಿಗದು. ಬದುವಿನ ಮೇಲೆ ನಿಂತು ಕೈ ಎತ್ತುತ್ತೀರಿ. ಏಳಕ್ಕೆ ಎರಡು ನಿಮಿಷ ಇರುವಾಗ ವಿಡಿಯೊ ಹೋಗುತ್ತದೆ.

ಇವತ್ತು ಹರಾಜಿನ ದಿನ. ತಿಪಟೂರಿನ ಎಪಿಎಂಸಿ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಚೀಲಗಳ ಸಾಲು, ಎಣ್ಣೆಯ ಸಿಹಿ ವಾಸನೆ, ಹಮಾಲರ ‘ದಾರಿ ಬಿಡಿ, ದಾರಿ ಬಿಡಿ’. ಒಬ್ಬ ರೈತರು ಚೀಲದಿಂದ ಒಂದು ಉಂಡೆ ಕೊಬ್ಬರಿ ತೆಗೆದು ನಿಮ್ಮ ಕೈಗಿಡುತ್ತಾರೆ. ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಒಣಗಿದ್ದು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ ಕಾದು, ಆಮೇಲೆ ಒಡೆದು ತಂದದ್ದು.

‘ಸಾರ್, ಮುಂದಿನ ವಾರ ರೇಟು ಏರ್ತದಾ ಇಳೀತದಾ? ಒಂದು ವಿಡಿಯೊ ಬಿಡಿ. ಆ ಹುಳ, ಈ ರೋಗ ಯಾರು ನೋಡ್ತಾರೆ? ರೇಟ್ ಅಂದ್ರೆ ಲಕ್ಷ ಜನ ನೋಡ್ತಾರೆ.’

ಅವರು ಹೇಳುವುದು ಸುಳ್ಳಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಮದುವೆ, ಮನೆ, ಮಕ್ಕಳ ಓದು ಎಲ್ಲ ನಡೆಯುವುದು ಕೊಬ್ಬರಿ ದರದ ಮೇಲೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು, ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100. ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಎರಡೂ ಸಲ ಮುಂಚಿತವಾಗಿ ಹೇಳುತ್ತೇವೆಂದು ಹೊರಟವರು ಮೊಬೈಲಿನ ತುಂಬ ಇದ್ದರು. ನಿಮ್ಮ ಬೆರಳು ಒಂದು ಕ್ಷಣ ರೆಕಾರ್ಡ್ ಗುಂಡಿಯ ಹತ್ತಿರ ಹೋಗುತ್ತದೆ. ಲಕ್ಷ ಜನ! ಆದರೆ ನಿಮ್ಮ ಮಾತು ನಂಬಿ ಒಬ್ಬರು ಚೀಲ ಅಟ್ಟದಲ್ಲೇ ಉಳಿಸಿಕೊಂಡು ಕೆಟ್ಟರೆ, ನಾಳೆ ನೀವು ಗೊಬ್ಬರದ ಬಗ್ಗೆ ಹೇಳಿದ್ದನ್ನೂ ಆ ಊರಿನವರು ನಂಬುವುದಿಲ್ಲ. ‘ಇವತ್ತಿನ ರೇಟು ಬೋರ್ಡಲ್ಲಿದೆ ಅಣ್ಣ, ನಾಳೇದು ನಂಗೊತ್ತಿಲ್ಲ’ ಅನ್ನುತ್ತೀರಿ. ಬದಲಿಗೆ ಅವರ ಕೊಬ್ಬರಿಯನ್ನೇ ಹಿಡಿದು, ಬೂಷ್ಟು ಹಿಡಿದದ್ದಕ್ಕೂ ಹಿಡಿಯದ್ದಕ್ಕೂ ವ್ಯತ್ಯಾಸ ತೋರಿಸಿ ಎಂದು ಅವರಿಂದಲೇ ಹೇಳಿಸುತ್ತೀರಿ. ಅವರು ನಿಮಗಿಂತ ಚೆನ್ನಾಗಿ ಹೇಳುತ್ತಾರೆ. ನಾಳೆಯ ವಿಡಿಯೊ ಸಿಕ್ಕಿತು.

ಕೆ.ಬಿ. ಕ್ರಾಸ್. ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ಇಲ್ಲಿಂದಲೇ ದಾರಿ. ಟೀ ಅಂಗಡಿಯ ಬೆಂಚಿನಲ್ಲಿ ಕೂತು ಜೇಬಿನ ಸಣ್ಣ ಪುಸ್ತಕ ಬಿಚ್ಚುತ್ತೀರಿ. ಜನ ಕೇಳಿದ ಪ್ರಶ್ನೆ ಮಾತ್ರ ಬರೆಯುವ ಪುಸ್ತಕ, ಅವರು ಕೇಳಿದ ಮಾತಿನಲ್ಲೇ. ‘ಗರಿ ಬೆಂಕಿ ಬಿದ್ದಂಗೆ ಆಗೈತೆ’ ಎಂದು ಒಂದು ಪುಟದಲ್ಲಿದೆ. ಅದು ಕಪ್ಪು ತಲೆ ಹುಳು. ಕೀಟಶಾಸ್ತ್ರದ ಹೆಸರಿನಿಂದ ಶುರು ಮಾಡಿದರೆ ವಿಡಿಯೊ ಯಾರೂ ತೆರೆಯುವುದಿಲ್ಲ; ‘ಗರಿ ಬೆಂಕಿ ಬಿದ್ದಂಗೆ ಆಗೈತಾ?’ ಎಂದು ಶುರು ಮಾಡಿದರೆ ಬೆರಳು ನಿಲ್ಲುತ್ತದೆ. ಆಮೇಲೆ ಗೋನಿಯೋಜಸ್ ಎಂಬ ಪರತಂತ್ರ ಜೀವಿಯನ್ನು ಮರಕ್ಕೆ 10ರಿಂದ 20ರಂತೆ ಬಿಡುವ ಸಂಗತಿಗೆ ಬರಬಹುದು.

ಅಂಗಡಿಯ ಮೂಲೆಯ ರೇಡಿಯೊ ಹಾಡುತ್ತಿದೆ. ಹೊತ್ತು ತಪ್ಪದೆ ಮಾತಾಡುವ ಕಸುಬನ್ನು ನಮ್ಮ ಹಳ್ಳಿಗಳಿಗೆ ಕಲಿಸಿದ್ದೇ ಅದು. 1966ರಲ್ಲಿ ಆಕಾಶವಾಣಿಯಲ್ಲಿ ಕೃಷಿ ವಿಭಾಗಗಳು ಶುರುವಾದವು; ಸಂಜೆ ಆ ಹೊತ್ತಾದರೆ ಜಗುಲಿಯ ಮೇಲೆ ಕೃಷಿರಂಗ ಕೇಳಿಸುತ್ತಿತ್ತು. ಕೇಳುವವರು ಎಷ್ಟು ಜನ ಎಂದು ಮೈಕಿನ ಮುಂದಿದ್ದವರಿಗೆ ಕಾಣುತ್ತಿರಲಿಲ್ಲ. ಆದರೂ ಮರುದಿನ ಅದೇ ಹೊತ್ತಿಗೆ ಬಂದು ಕೂರುತ್ತಿದ್ದರು. ಇದಾದ 40 ವರ್ಷಕ್ಕೆ, 2006ರಲ್ಲಿ, ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಡಿಜಿಟಲ್ ಗ್ರೀನ್ ಎಂಬ ಪ್ರಯೋಗ ಶುರುವಾಯಿತು. ಕರ್ನಾಟಕದ ಹಳ್ಳಿಗಳ ರೈತರನ್ನೇ ವಿಡಿಯೊ ತೆಗೆದು ಅಕ್ಕಪಕ್ಕದ ಊರವರಿಗೆ ತೋರಿಸುವ ಕೆಲಸ. ವಿಡಿಯೊ ನೋಡಿದವರು ಮೊದಲು ಕೇಳುತ್ತಿದ್ದದ್ದು ಗೊಬ್ಬರದ ಪ್ರಮಾಣ ಅಲ್ಲ. ಆ ರೈತನ ಹೆಸರೇನು, ಅವನದು ಯಾವ ಊರು ಎಂದು. ಟೀ ಮುಗಿಸಿ ಏಳುತ್ತೀರಿ. ನಿಮ್ಮ ಮುಖ ದಿನಾ ಕಾಣಬೇಕಾಗಿಲ್ಲ, ದಿನಾ ಒಂದು ಊರು ಕಂಡರೆ ಸಾಕು.

ಮಧ್ಯಾಹ್ನ ತುರುವೇಕೆರೆಯ ಕಡೆ, ಮಾಯಸಂದ್ರದ ದಾರಿಯ ಒಂದು ತೋಟ. ಗರಿಗಳ ಮೇಲೆ ಮಸಿ ಬಳಿದಂತಿದೆ, ಕೆಳಗಿನ ಬಾಳೆ ಎಲೆಯೂ ಕಪ್ಪು. ಗರಿಯ ಅಡಿಭಾಗ ತಿರುಗಿಸಿದರೆ ಬಿಳಿ ಸುರುಳಿ ಸುರುಳಿ. ಸುರುಳಿಯಾಕಾರದ ಬಿಳಿ ನೊಣ, ನಮ್ಮ ದೇಶದಲ್ಲಿ 2016ರಿಂದ ಕಾಣಿಸಿಕೊಂಡ ಪಿಡುಗು. ತೋಟದ ಯಜಮಾನರು ಔಷಧಿ ಡಬ್ಬ ಹಿಡಿದು ನಿಂತಿದ್ದಾರೆ. ‘ಹೊಡೆದುಬಿಡೋಣ ಅಂತಿದೀನಿ, ಏನಂತೀರಾ?’ ಬೇಡ ಎನ್ನುತ್ತೀರಿ. ವಿಷ ಹೊಡೆದರೆ ಬಿಳಿ ನೊಣದ ಮರಿಗಳನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜವೂ ಸಾಯುತ್ತದೆ. ಮೊದಲು ರಭಸವಾಗಿ ನೀರು ಸಿಂಪಡಿಸಿ ನೋಡಿ. ‘ಬಾಳೆಗೂ ಹಂಗೇನಾ?’ ಎಂದು ಅವರು ಕೇಳಿದಾಗ ನಿಮಗೆ ಖಚಿತವಿಲ್ಲ. ಕ್ಯಾಮೆರಾ ಚಾಲೂ ಇದೆ. ‘ಇದನ್ನ ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳ್ಕೊಂಡು ಹೇಳ್ತೀನಿ’ ಎನ್ನುತ್ತೀರಿ. ಆ ಮಾತನ್ನು ಕತ್ತರಿಸುವುದಿಲ್ಲ, ಹಾಗೇ ಬಿಡುತ್ತೀರಿ. ನಾಡಿದ್ದಿನ ವಿಡಿಯೊಗೆ ಈಗಲೇ ಕಾಯುವವರೊಬ್ಬರು ಹುಟ್ಟಿದರು.

ಅದೇ ತೋಟದಲ್ಲಿ ಇನ್ನೆರಡು ತುಣುಕು ತೆಗೆದುಕೊಳ್ಳುತ್ತೀರಿ. ಜಾತ್ರೆ, ಮದುವೆ, ಜ್ವರ ಯಾವುದೂ ಹೇಳಿ ಬರುವುದಿಲ್ಲ. ದಿನಾ ಹಾಕಬೇಕೆಂದರೆ ದಿನಾ ತೆಗೆಯಬೇಕೆಂದಿಲ್ಲ. ಏಳು ಗಂಟೆಗೆ ನೋಡುವವರ ಅಡಿಗೆ ಮನೆಯ ಕಟ್ಟೆಯ ಮೇಲಿನ ಮೊಬೈಲು ‘ಟಿಂಗ್’ ಅಂದರೆ ಸಾಕು, ನೀವು ಅದೇ ಹೊತ್ತಲ್ಲಿ ಮಲಗಿದ್ದರೂ ನಡೆಯುತ್ತದೆ. ಆರು ದಿನ ಬರೀ ತಿಳಿಸುವುದು, ಏಳನೆಯ ದಿನ ಮಾತ್ರ ‘ಇಂಥ ದಿನ ತರಬೇತಿ, ಇಷ್ಟು ಫೀಸು’ ಎನ್ನುವುದು ನಿಮ್ಮ ಕಟ್ಟಳೆ. ದಿನಾ ಮಾರಲು ಬಂದವನಿಗೆ ಬಾಗಿಲು ತೆಗೆಯುವವರಿಲ್ಲ.

ಸಂಜೆ ಹುಳಿಯಾರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಈ ಊರಿನ ಒಂದು ಸಣ್ಣ ಸಭಾಂಗಣದಲ್ಲಿ ತರಬೇತಿಗೆ ಹೆಸರು ಬರೆಸಿಕೊಳ್ಳುತ್ತಿದ್ದೀರಿ. ಕರೆಂಟು ಹೋಗಿದೆ, ಮೊಬೈಲಿನ ಬೆಳಕಲ್ಲಿ ರಸೀದಿ ಬರೆಯುತ್ತಿದ್ದೀರಿ. ನಿಮ್ಮ ವಿಡಿಯೊಗಳಿಗೆ ತಪ್ಪದೆ ಹೃದಯದ ಚಿಹ್ನೆ ಒತ್ತುವವರಲ್ಲಿ ಒಬ್ಬರೂ ಬಂದಿಲ್ಲ. ಬಂದವರ ಮುಖ ಒಂದೂ ಪರಿಚಯವಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಹಿರಿಯ ಹೆಂಗಸು ಸೀರೆಯ ಗಂಟಿನಿಂದ ನೋಟು ಬಿಚ್ಚಿ ಮೇಜಿನ ಮೇಲಿಡುತ್ತಾರೆ.

‘ನಮ್ಮ ಗ್ರೂಪಿನಲ್ಲಿ ಇದ್ದೀರಾ ಅಮ್ಮ?’

‘ಇಲ್ಲಪ್ಪ. ಮಗ ಬೆಂಗ್ಳೂರಿಂದ ಕಳಿಸ್ತಾನೆ. ದಿನಾ ನೋಡ್ತೀನಿ. ಹೋದ ಯುಗಾದಿ ದಿನಾನೂ ಬಂದಿತ್ತಲ್ಲ, ಇವ್ನಿಗೆ ಹಬ್ಬ ಇಲ್ವಾ ಅಂದ್ಕೊಂಡೆ. ಲೈಕ್ ಒತ್ತೋದು ನಂಗೆ ಬರಾಕಿಲ್ಲ.’

ರಸೀದಿ ಹರಿದು ಕೊಡುತ್ತೀರಿ. ಅವರು ಹೋಗುವುದಿಲ್ಲ.

‘ಅಣಬೆ ರೋಗ ಬಂದ ಮರದ ಪಾತಿ ನೀರು ಪಕ್ಕದ ಮರಕ್ಕೆ ಹರಿಸಬೋದಾ?’

ಇದನ್ನು ನೀವು ಎಷ್ಟೋ ಸಲ ಹೇಳಿದ್ದೀರಿ. ಹರಿಸಬಾರದು, ರೋಗದ ಮರದ ಸುತ್ತ ಕಂದಕ ತೆಗೆದು ಬೇರೆ ಮಾಡಬೇಕು, ಉಳಿದ ಮರಗಳಿಗೆ ವರ್ಷಕ್ಕೆ 5 ಕಿಲೊ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಕೊಡಬೇಕು. ‘ಆಗಲೇ ಹೇಳಿದ್ದೆನಲ್ಲಮ್ಮ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ. ನೀವು ಹೇಳಿದ ದಿನ ಅವರ ಮರಕ್ಕೆ ರೋಗ ಬಂದಿರಲಿಲ್ಲ. ಬೆಳಗ್ಗೆ ತೋಟದಲ್ಲಿ ಹೇಳಲು ಏನೂ ಉಳಿದಿಲ್ಲ ಎಂದುಕೊಂಡಿರಲ್ಲ, ಮುಗಿದದ್ದು ನಿಮ್ಮ ಹೊಸತರ ಚಟ ಮಾತ್ರ; ಕೇಳುವವರ ಅಗತ್ಯ ಮುಗಿದಿರಲಿಲ್ಲ.

‘ನಾಳೆ ನಿಮ್ಮ ತೋಟಕ್ಕೇ ಬರಲಾ? ಆ ಮರದ ಮುಂದೆ ನಿಂತೇ ವಿಡಿಯೊ ಮಾಡೋಣ.’

‘ಬಾಪ್ಪ. ನಾನೂ ಮಾತಾಡಬೇಕಾ?’

‘ನೀವೇ ಮಾತಾಡಬೇಕು. ಮೊದಲು ನಿಮ್ಮ ಊರ ಹೆಸರು ಹೇಳಿ.’