ಹುಸಿಮದ್ದಿನ ಹತ್ತು

ನಮ್ಮಣ್ಣ ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ದಿನಕ್ಕೆ ಹತ್ತು ಹನ್ನೆರಡು ಸಲ ಕೆಲಸ ಅರ್ಧಕ್ಕೆ ಬಿಟ್ಟು ಕಕ್ಕಸಿಗೆ ಓಡುತ್ತಾನೆ, ರಕ್ತ ಬೀಳುತ್ತದೆ. ರೋಗಕ್ಕೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. ದೇಹದ ಕಾವಲಿನವರೇ ದೊಡ್ಡ ಕರುಳಿನ ಮೇಲೆ ಬಿದ್ದು ಹುಣ್ಣು ಮಾಡುತ್ತಾರಂತೆ. ಮೆಸಲಮಿನ್ ಮಾತ್ರೆ ಆಯ್ತು. ಸ್ಟಿರಾಯ್ಡ್ ಆಯ್ತು, ಮುಖ ಊದಿತು. ನಿಲ್ಲಿಸಿದರೆ ರಕ್ತ ಮತ್ತೆ ಶುರು.

ಇನ್ನುಳಿದದ್ದು ಪ್ರತಿಕಾಯದ ಇಂಜೆಕ್ಷನ್ನು. ದುಡ್ಡು ಕೊಟ್ಟು ಹಾಕಿಸ್ಕೋಬಹುದು, ಇಲ್ಲಾ ಹೊಸದೊಂದರ ಪ್ರಯೋಗಕ್ಕೆ ಸೇರಬಹುದು ಅಂದರು ಡಾಕ್ಟರು. "ನೀನು ಲೆಕ್ಕದವನು, ಓದಿ ಹೇಳೋ ತಮ್ಮಾ" ಅಂತ ಅಣ್ಣ ಕಾಗದಗಳನ್ನು ನನ್ನ ಕೈಗಿಟ್ಟ.

ಕನ್ನಡ ಶಾಲೆಯಲ್ಲಿ ಓದಿದ ನನಗೆ ಆ ಇಂಗ್ಲಿಷು ಸುಲಭವಾಗಲಿಲ್ಲ ಬಿಡಿ. ತಿಳಿದದ್ದು ಇಷ್ಟು: ಉರಿ ಹಚ್ಚುವ ಒಂದೇ ಒಂದು ಕಣವನ್ನು ಹುಡುಕಿ ಹಿಡಿಯುವುದು ಪ್ರತಿಕಾಯದ ಕೆಲಸ. ಟಿ.ಎನ್.ಎಫ್. ಎಂಬುದನ್ನು ಹಿಡಿಯುವ ಇನ್‌ಫ್ಲಿಕ್ಸಿಮ್ಯಾಬಿಗೆ ಅಮೆರಿಕದಲ್ಲಿ 1998ರಲ್ಲಿ ಕ್ರೋನ್ಸ್ ರೋಗಕ್ಕೆ, 2005ರಲ್ಲಿ ಅಣ್ಣನ ರೋಗಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್ ಚರ್ಮರೋಗಕ್ಕೆಂದು ಇಟೋಲಿಜುಮ್ಯಾಬ್ ತಂದಿತ್ತು. ಅದನ್ನೇ ಈ ಕರುಳಿನ ರೋಗಕ್ಕೂ ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಹೇಳಿದರು. ಹನ್ನೆರಡು ವಾರದಲ್ಲಿ ರೋಗ ತಣ್ಣಗಾದದ್ದು ಅದನ್ನು ಪಡೆದವರಲ್ಲಿ ನೂರಕ್ಕೆ 23.3, ಹಳೆಯ ಅಡಾಲಿಮುಮ್ಯಾಬ್ ಪಡೆದವರಲ್ಲಿ 20, ಬರೀ ಹುಸಿಮದ್ದಿನವರಲ್ಲಿ 10.

ನನ್ನ ಕಣ್ಣು ನೆಟ್ಟದ್ದು ಆ ಹತ್ತರ ಮೇಲೆ. ಮದ್ದೇ ಇಲ್ಲದೆ ಹತ್ತು! ಈ ರೋಗ ತಾನಾಗಿ ಏಳುತ್ತದೆ, ತಾನಾಗಿ ಇಳಿಯುತ್ತದೆ. ವರ್ಷದ ಲಾಭ ತೆಗೆಯುವಾಗ ಆರಂಭದ ಶಿಲ್ಕು ಕಳೆಯದಿದ್ದರೆ ಲೆಕ್ಕ ಸುಳ್ಳಾಗುವಂತೆ, ಈ ಹತ್ತು ಕಳೆಯದಿದ್ದರೆ ಇಪ್ಪತ್ತಮೂರೂ ತನ್ನದೇ ಎಂದು ಮದ್ದು ಬೀಗುತ್ತದೆ. ಅಣ್ಣನಿಗೆ ಹೀಗೇ ಹೇಳಿದೆ.

"ಲೆಕ್ಕ ಸರಿ ಕಣೋ. ಆದ್ರೆ ಆ ಹತ್ತು ತೋರಿಸೋಕೆ ಉಳಿದ ತೊಂಬತ್ತು ಮಂದಿ ನೀರಿನ ಸೂಜಿ ಚುಚ್ಚಿಸ್ಕೊಂಡು ಮೂರು ತಿಂಗಳು ರಕ್ತ ಸುರಿಸಬೇಕಲ್ಲ?" ಅಂದ.

ಯಾವ ದಿನ ಬೇಕಾದರೂ ಹೊರಗೆ ಬರಬಹುದು, ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯೂ ಪರಿಹಾರವೂ ಕೊಡಬೇಕೆಂದು 2019ರ ನಿಯಮವಿದೆ ಅಂದೆ. ಅವನ ಪ್ರಶ್ನೆಗೆ ಅದು ಉತ್ತರವಲ್ಲ, ಇಬ್ಬರಿಗೂ ಗೊತ್ತು. ಯಾರಾದರೂ ಆ ಗುಂಪಿನಲ್ಲಿ ಇರಲೇಬೇಕು. ನಮ್ಮಣ್ಣ ಇರಬೇಕೆ ಎಂದರೆ ನನಗೆ ಬಾಯಿ ಬರುವುದಿಲ್ಲ.

ಟಿ.ಎನ್.ಎಫ್. ಕಟ್ಟಿಹಾಕುವ ಮದ್ದು ಹಾಕಿದರೆ ಒಳಗೆ ಅಡಗಿದ ಕ್ಷಯ ಎದ್ದು ಕೂರಬಹುದು. ಅದಕ್ಕೆ ಮೊದಲು ಕ್ಷಯದ ಪರೀಕ್ಷೆ. ಅಣ್ಣ ನಿನ್ನೆ ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿಕೊಂಡು, ಮಧ್ಯಾಹ್ನದ ಪಾಳಿಗೆ ಹೋದ. ಸಹಿಯ ಕಾಗದ ಇನ್ನೂ ನನ್ನ ಹತ್ತಿರವೇ ಇದೆ.